ರೇಂಜ್ ಕಾಕಾ

ರೇಂಜ್ ಕಾಕಾ ಸವದತ್ತಿ ತಾಲ್ಲೂಕಿನ ಸಿರಸಂಗಿಯಲ್ಲಿ ಓಣಿಗೊಬ್ಬನಂತೆ ಕಾಣಸಿಗುವ ನಮೂನೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಗೂ ಈ ತಳಿ ಹಬ್ಬಿದೆ. ವಯಸ್ಸು ನಲವತ್ತೈದು ದಾಟಿರುತ್ತದೆ. ಕಿಸೆಯಲ್ಲಿ ಟೆಸ್ಟರ್, ಕಾಲರಿನ ಹಿಂದೆ ಚುಚ್ಚಿಕೊಂಡ ಒಂದು ಟಾಚಣಿ; ಆ ಟಾಚಣಿಯ ಉಪಯೋಗ ಮುಂದೆ ಬರುತ್ತದೆ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರೆಲ್ಲ ನಡೆದುಕೊಳ್ಳುವ ಕಾಳಿಕಾದೇವಿಯ ಊರು ಇದು. ಇಂಥಲ್ಲಿ ಹಳೆಯ ಸಾಮಾನನ್ನು ಗುಜರಿಗೆ ಹಾಕುವುದು ಕೈಲಾಗದವರ ಕೆಲಸ. ಹಾಗಾಗಿ ಫೈಬರ್ ಬಂದ ಮೇಲೆ ಮೂಲೆ ಸೇರಿದ ಪ್ರತಿಯೊಂದು ರೌಟರೂ ತಾನಾಗಿಯೇ ಕಾಕಾನ ಪಾಲಾಗುತ್ತದೆ.

ಕಾಕಾ ಹುಟ್ಟಿಕೊಂಡದ್ದು ಗೋಡೆಯ ದೆಸೆಯಿಂದ. ನೆಟ್ ಬರುವುದು ಪಡಸಾಲೆಗೆ; ಬೇಕಾಗಿರುವುದು ಹಿತ್ತಲ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಪುಣೆಯ ಅಳಿಯನಿಗೆ. ನಡುವೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಕಬ್ಬಿಣದ ತಿಜೋರಿ, ಜೋಳದ ಚೀಲಗಳ ಥಪ್ಪಿ. ವೈಫೈನ 2.4 ಗಿಗಾಹರ್ಟ್ಸ್ ಅಲೆ ಗೇಣುದ್ದವೂ ಇಲ್ಲ, ಸುಮಾರು 12.5 ಸೆಂಟಿಮೀಟರ್, ಇಷ್ಟನ್ನು ದಾಟುವಷ್ಟರಲ್ಲಿ ಅದು ಸುಸ್ತಾಗುತ್ತದೆ. 5 ಗಿಗಾಹರ್ಟ್ಸಿನದು ಅದಕ್ಕೂ ಮೊದಲೇ ಕೈಬಿಡುತ್ತದೆ. ಮೇಲ್ಮುದ್ದಿ ಮನೆಯಲ್ಲಿ ಅಲೆಗೆ ಸಲೀಸಾದ ದಾರಿಯೆಂದರೆ ಬೆಳಕಿಂಡಿ. ಅದಕ್ಕೂ ಮಳೆಗಾಲದಲ್ಲಿ ತಗಡು ಮುಚ್ಚುತ್ತಾರೆ. ತಗಡು ಅಲೆಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ.

ಇಂಥ ಮನೆಯಿಂದ ಕರೆ ಬಂದರೆ ಕಾಕಾ ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಮೊದಲ ವಿಧಿ ಟಾಚಣಿಯದು: ಹಳೆಯ ರೌಟರಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿ, ದೀಪಗಳೆಲ್ಲ ಒಮ್ಮೆ ಮಿಣುಕುವವರೆಗೆ ಒತ್ತಿ ಹಿಡಿಯುವುದು. ಇದರಿಂದ ರೌಟರ್ ತನ್ನ ಹಿಂದಿನ ಜನ್ಮವನ್ನು ಮರೆಯುತ್ತದೆ. ಎರಡನೆಯದು ವಿಳಾಸ. ಹೊಸದೂ ಹಳೆಯದೂ 192.168.1.1 ಎಂದೇ ಕೂತರೆ ಜಗಳ ಖಾತ್ರಿ, ಹಳೆಯದನ್ನು 192.168.1.2ಕ್ಕೆ ಸರಿಸಬೇಕು. ಮೂರನೆಯದು ವಿಳಾಸ ಹಂಚುವ ಡಿಎಚ್‌ಸಿಪಿ ಬಂದ್ ಮಾಡುವುದು. ಇದನ್ನು ಕಾಕಾ ಹೆಚ್ಚಾಗಿ ಮರೆಯುತ್ತಾನೆ. ಆಗ ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ವಿಳಾಸ ಹಂಚತೊಡಗುತ್ತಾರೆ. ಹೊಸದರಿಂದ ಪಡೆದ ಫೋನಿಗೆ ಹೊರದಾರಿ ಸಿಗುತ್ತದೆ, ಹಳೆಯದರಿಂದ ಪಡೆದದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಅತ್ತೆಯ ಫೋನಿನಲ್ಲಿ ಧಾರಾವಾಹಿ ಓಡುತ್ತದೆ, ಸೊಸೆಯದರಲ್ಲಿ ಚಕ್ರ ತಿರುಗುತ್ತದೆ. ಇದರ ಹಿಂದೆ ಬೇರೆಯೇ ಕಾರಣ ಹುಡುಕುವ ಮನೆಗಳೂ ಇವೆ.

ಇಷ್ಟಾದ ಮೇಲೆ ಹಿತ್ತಲಿಗೆ ನೆಟ್ ಮುಟ್ಟಿಸಲು ಹಳೆಯ ರೌಟರನ್ನು ಬ್ರಿಡ್ಜ್ ಮಾಡಬೇಕು, ಇಲ್ಲವೇ ರಿಪೀಟರ್. ಬ್ರಿಡ್ಜ್ ಬೇರೆ, ರಿಪೀಟರ್ ಬೇರೆ. ಬ್ರಿಡ್ಜ್ ಆದ ರೌಟರ್ ಗಾಳಿಯಲ್ಲಿ ಬಂದ ನೆಟ್ಟನ್ನು ಹಿಡಿದು, ವೈರಿನ ಮೂಲಕ ಟೀವಿಗೋ ಕಂಪ್ಯೂಟರಿಗೋ ಕೊಟ್ಟು ಸುಮ್ಮನಿರುತ್ತದೆ. ರಿಪೀಟರ್ ಕೇಳಿದ್ದನ್ನು ಮತ್ತೆ ಗಾಳಿಗೇ ಕೂಗುತ್ತದೆ. ಕಾಕಾನ ಬಾಯಲ್ಲಿ ಎರಡೂ ‘ರೇಂಜ್ ಹಿಗ್ಗಸೂದು’. ಹಳೆಯ ರೌಟರಿಗೆ ಇರುವುದು ಒಂದೇ ರೇಡಿಯೋ. ಅದು ಹೇಳುವಾಗ ಕೇಳಲಾರದು, ಕೇಳುವಾಗ ಹೇಳಲಾರದು. ಒಂದೇ ಮಾತಿಗೆ ಎರಡು ಸಲ ಹೊತ್ತು ಹಿಡಿಯುವುದರಿಂದ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. (ಕೇಳುವಾಗ ಸುಮ್ಮನಿರುವ ಗುಣವೊಂದರಲ್ಲಿ ಅದು ಕಾಕಾನಿಗಿಂತ ಮೇಲು.) ಎರಡೂ ಪೆಟ್ಟಿಗೆ ಒಂದೇ ಚಾನೆಲ್ಲಿನಲ್ಲಿರಬೇಕು, ಡಬ್ಲ್ಯೂಡಿಎಸ್ ಎಂಬ ಪದ್ಧತಿಯಾದರೆ ಒಂದರ ಮ್ಯಾಕ್ ವಿಳಾಸ ಇನ್ನೊಂದಕ್ಕೆ ಬರೆದುಕೊಡಬೇಕು. ಕಂಪನಿ ಬೇರೆ ಬೇರೆಯಾದರೆ ಇಷ್ಟು ಮಾಡಿಯೂ ಸಂಬಂಧ ಕೂಡದಿರಬಹುದು.

ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದು ಕಾಕಾನಿಗೂ ವಿಜ್ಞಾನಕ್ಕೂ ನಡುವಿನ ಹಳೆಯ ವ್ಯಾಜ್ಯ. ಅಲೆ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ ಇಡಬೇಕೆನ್ನುತ್ತದೆ ವಿಜ್ಞಾನ. ಕಾಕಾ ಇಡುವುದು ಹಿತ್ತಲ ಕೋಣೆಯಲ್ಲೇ. ರೇಂಜ್ ಇಲ್ಲದಲ್ಲಿ ಇಟ್ಟ ಪೆಟ್ಟಿಗೆ ಇಲ್ಲದ್ದನ್ನೇ ಹಿಗ್ಗಿಸುತ್ತದೆ. ಅಳಿಯನ ಲ್ಯಾಪ್‌ಟಾಪಿನಲ್ಲಿ ಕಡ್ಡಿಗಳೇನೋ ತುಂಬಿ ನಿಲ್ಲುತ್ತವೆ, ಯಾಕೆಂದರೆ ಅವು ತೋರಿಸುವುದು ಪಕ್ಕದಲ್ಲಿರುವ ಹಳೆಯ ಪೆಟ್ಟಿಗೆಯ ಬಲವನ್ನು. “ಫುಲ್ ಐತಲ್ರೀ!” ಎನ್ನುತ್ತಾನೆ ಕಾಕಾ. “ಫುಲ್ ಐತಿ, ಖರೇ. ಏನೂ ತೆರ್ಯಾಕತ್ತಿಲ್ಲ” ಎನ್ನುತ್ತಾನೆ ಅಳಿಯ. ಹಾಗಿದ್ದರೆ ತಪ್ಪು ಲ್ಯಾಪ್‌ಟಾಪಿನದೆಂದು ತೀರ್ಮಾನವಾಗುತ್ತದೆ.

ಆಮೇಲಿನದು ಆಂಟೆನಾ. ಕಡ್ಡಿ ಆಂಟೆನಾ ಅಲೆ ಬೀರುವುದು ತನ್ನ ಸುತ್ತಲೂ ಅಡ್ಡಡ್ಡವಾಗಿ. ತುದಿಯ ನೇರಕ್ಕೆ ಹೋಗುವುದು ತೀರ ಕಡಿಮೆ. ಕಾಕಾ ಅದನ್ನು ಬಂದೂಕಿನಂತೆ ಹಿತ್ತಲ ಕಡೆಗೇ ಗುರಿ ಇಡುತ್ತಾನೆ. ಸಾಲದಾದರೆ ಹಿಂದೆ ಸ್ಟೀಲ್ ಬೋಗುಣಿಯನ್ನು ಸುತಳಿಯಿಂದ ಬಿಗಿಯುತ್ತಾನೆ. ನಗುವಂತಿಲ್ಲ, ಬೋಗುಣಿ ನಿಜಕ್ಕೂ ಕೆಲಸ ಮಾಡೀತು: ಬಾಗಿದ ಲೋಹ ಅಲೆಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುತ್ತದೆ. ಆದರೆ ಬೋಗುಣಿಯ ಬೆನ್ನ ಹಿಂದಿನ ಅಡುಗೆಮನೆಗೆ ಅಂದಿನಿಂದ ನೆಟ್ಟೂ ಇಲ್ಲ, ಬೋಗುಣಿಯೂ ಇಲ್ಲ.

ಕಾಕಾ ದುಡ್ಡು ಮುಟ್ಟುವುದಿಲ್ಲ. ಚಹಾ, ಚುಡವಾ ಸಲ್ಲುತ್ತದೆ. ಸರಕಾರಕ್ಕೂ ಅವನ ಮೇಲೆ ತಕರಾರಿಲ್ಲ. ಕಡಿಮೆ ಶಕ್ತಿಯ ಇಂಥ ಉಪಕರಣಗಳಿಗೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಲೈಸೆನ್ಸ್ ಬೇಡವೆಂದು 2005ರಲ್ಲೇ ನಿಯಮವಾಗಿದೆ. ಯುಗಾದಿಯ ಜಾತ್ರೆ ಅವನಿಗೆ ಸುಗ್ಗಿ: ಪರಊರಿನ ಬೀಗರು ಬಂದಿಳಿಯುತ್ತಾರೆ, ಒಂದೊಂದು ಮನೆಯಲ್ಲಿ ಹತ್ತಾರು ಫೋನು ಒಟ್ಟಿಗೆ ಪಾಸ್‌ವರ್ಡ್ ಕೇಳುತ್ತವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಎರಡು ಪೆಟ್ಟಿಗೆಗಳಲ್ಲಿ ಯಾವುದನ್ನು ಮೊದಲು ಚಾಲೂ ಮಾಡಬೇಕೆಂಬುದನ್ನು ಅವನೇ ಬಂದು ಹೇಳಬೇಕು.

ಈ ಎಲ್ಲ ಪಾಡಿಗೂ ಒಂದು ಸರಳ ಉಪಾಯವುಂಟು. ಪಡಸಾಲೆಯಿಂದ ಹಿತ್ತಲಿಗೆ ಒಂದು ಲ್ಯಾನ್ ವೈರ್ ಎಳೆದು, ಹಳೆಯ ರೌಟರಿನ ವ್ಯಾನ್ ಕಿಂಡಿ ಬಿಟ್ಟು ಲ್ಯಾನ್ ಕಿಂಡಿಗೆ ಸಿಕ್ಕಿಸಿ, ಡಿಎಚ್‌ಸಿಪಿ ಬಂದ್ ಮಾಡಿದರೆ ಆಯಿತು. ವೈರ್ 100 ಮೀಟರ್ ತನಕ ನಡೆಯುತ್ತದೆ, ವೇಗವೂ ಅರ್ಧವಾಗದು. ಕಾಕಾನಿಗೆ ಇದು ಚೆನ್ನಾಗಿ ಗೊತ್ತು. “ವೈರ್ ಯಾರ್ ಬೇಕಾದ್ರೂ ಎಳೀತಾರ ಬಿಡ್ರಿ” ಎಂಬುದು ಅವನ ಉತ್ತರ. ಹಾಗೆ ವೈರ್ ಎಳೆಸಿಕೊಂಡ ಮನೆಗೆ ಅವನು ಚಹಾಕ್ಕೂ ಹೋಗುವುದಿಲ್ಲ.