ಪ್ಯಾಕೇಜ್ ಮ್ಯಾನೇಜರ್ ಮೀಮಾಂಸೆ

ಕರೆದ ತಂತ್ರಾಂಶವನ್ನು ಮನೆಗೆ ತಂದು, ಅದರ ಬೆನ್ನಿಗೆ ಬರುವ ನೆಂಟರಿಷ್ಟರಿಗೂ ಚಾಪೆ ಹಾಸಿ, ಯಾರು ಯಾವ ಕೋಣೆಯಲ್ಲಿದ್ದಾರೆಂದು ಪಟ್ಟಿ ಇಟ್ಟು, ಹೊರಡುವ ದಿನ ಲೋಟ ತಟ್ಟೆ ಎಣಿಸಿ ಕಳಿಸುವ ಪಾರುಪತ್ಯಗಾರನೇ ಪ್ಯಾಕೇಜ್ ಮ್ಯಾನೇಜರ್. ನೆಂಟರಿಷ್ಟರಿಗೆ ಶಾಸ್ತ್ರದಲ್ಲಿ ಡಿಪೆಂಡೆನ್ಸಿ ಎಂಬ ಸಂಜ್ಞೆ. ಇವನನ್ನು ಆರಿಸುವಲ್ಲಿ ವಾದಕ್ಕಿರುವಷ್ಟು ಅವಕಾಶ ಆಯ್ಕೆಗಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ಕುಲ ತಿಳಿದರೆ ಇವನ ಗೋತ್ರವೂ ಬಹುಮಟ್ಟಿಗೆ ತಿಳಿದಂತೆಯೇ.

ಲಿನಕ್ಸ್ ಕುಲದ ಡೆಬಿಯನ್, ಉಬುಂಟು ಮನೆತನಗಳಿಗೆ ಆಪ್ಟ್ ವಿಹಿತ. ಅದರ ಹಿರಿಯ ಡಿಪಿಕೆಜಿ, ನೆಂಟರು ಬಂದಿಲ್ಲವೆಂದು ದೂರಿ ಕುಳಿತುಬಿಡುತ್ತದೆ. 1999ರ ಡೆಬಿಯನ್ 2.1ರೊಡನೆ ಬಂದ ಆಪ್ಟ್ ತಾನೇ ಹೋಗಿ ಕರೆತರುತ್ತದೆ. ಈ ಪಂಥದವರು ಗೋಪೂಜಕರೆಂಬುದಕ್ಕೆ ಅಂತಃಸಾಕ್ಷ್ಯವಿದೆ: 'ಆಪ್ಟ್-ಗೆಟ್ ಮೂ' ಎಂದು ಬರೆದರೆ ಪರದೆಯಲ್ಲಿ ಹಸುವೊಂದು ಮೂಡಿ, ಇವತ್ತು ಅಂಬಾ ಎಂದಿರಾ ಎಂದು ವಿಚಾರಿಸುತ್ತದೆ. ಸೋದರ ಶಾಖೆಯಾದ ಆಪ್ಟಿಟ್ಯೂಡ್ ಅದೇ ಆಜ್ಞೆಗೆ, ಇಲ್ಲಿ ಅಂಥ ಚೇಷ್ಟೆಗಳೇನೂ ಇಲ್ಲ ಎನ್ನುತ್ತದೆ. ಇದು ನಾಸ್ತಿಕ ಶಾಖೆಯಿರಬೇಕು. ಮನೆಯ ಕಂಬವನ್ನೇ ಕೀಳಹೊರಟವನಿಂದ ಹಳೆಯ ಆಪ್ಟ್ 'ಎಸ್, ಡೂ ಆ್ಯಸ್ ಐ ಸೇ!' ಎಂಬ ಸಂಕಲ್ಪವನ್ನು ಅಕ್ಷರಶಃ ಬರೆಸಿಕೊಳ್ಳುತ್ತಿತ್ತು. 2021ರಲ್ಲಿ ಖ್ಯಾತ ಯೂಟ್ಯೂಬರ್ ಒಬ್ಬ ಆಟದ ತಂತ್ರಾಂಶವೊಂದನ್ನು ಹಾಕಲು ಹೋಗಿ ಈ ಸಂಕಲ್ಪ ಮಾಡಿದ. ಅತಿಥಿ ಬರುವ ಮೊದಲೇ ಡೆಸ್ಕ್‌ಟಾಪ್ ಮನೆ ಬಿಟ್ಟು ಹೋಯಿತು.

ಅದೇ ಕುಲದ ಫೆಡೋರಾದಲ್ಲಿ ಬಹುಕಾಲ ಯಮ್ ಆಳಿತು. ಹೆಸರಿನ ವಿಸ್ತಾರ 'ಯೆಲ್ಲೋಡಾಗ್ ಅಪ್‌ಡೇಟರ್, ಮಾಡಿಫೈಡ್'. ಯಮನ ದಾರಿಯಲ್ಲಿ ನಾಯಿ ಇರುವುದು ಋಗ್ವೇದದಿಂದಲೇ ಪ್ರಸಿದ್ಧವಾದ್ದರಿಂದ ಈ ವ್ಯುತ್ಪತ್ತಿಗೆ ಬೇರೆ ಆಧಾರ ಬೇಕಿಲ್ಲ. 2015ರ ಫೆಡೋರಾ 22ರಲ್ಲಿ ಆ ಪೀಠಕ್ಕೆ ಡಿಎನ್ಎಫ್ ಬಂತು. ಆರ್ಚ್‌ನ ಪ್ಯಾಕ್‌ಮ್ಯಾನ್ ಬಲು ಚುರುಕು. ಅದನ್ನು ಬಳಸುವವರು ಕೇಳದಿದ್ದರೂ ಹೇಳುತ್ತಾರೆ.

ಮ್ಯಾಕ್‌ನಲ್ಲಿ ಮಾತ್ರ ನಿಜವಾದ ಧರ್ಮಸಂಕಟ. ಮ್ಯಾಕ್‌ಪೋರ್ಟ್ಸ್ ಕಟ್ಟಾ ಮಡಿ: ಆಪಲ್ ಮನೆಯ ಲೈಬ್ರರಿಗಳನ್ನು ಆದಷ್ಟು ಮುಟ್ಟದೆ, ಎಲ್ಲವನ್ನೂ ತನ್ನ ಅಡುಗೆಮನೆಯಲ್ಲೇ ಮಾಡಿಕೊಳ್ಳುತ್ತದೆ. 2009ರಲ್ಲಿ ಮ್ಯಾಕ್ಸ್ ಹೋವೆಲ್ ಹುಟ್ಟುಹಾಕಿದ ಹೋಮ್‌ಬ್ರೂ ಇದ್ದದ್ದರಲ್ಲೇ ಸುಧಾರಿಸುವ ಉದ್ದೇಶದಿಂದ ಹೊರಟಿತು. ಅದರ ಪರಿಭಾಷೆ ಪೀಪಾಯಿ, ನೆಲಮಾಳಿಗೆ, ನಲ್ಲಿ, ಬಾಟಲಿ. ಅಬಕಾರಿ ಇಲಾಖೆಯ ದಾಳಿಯ ಮಹಜರಿನಂತೆ ಓದಿಸಿಕೊಳ್ಳುತ್ತದೆ. ಬಹುಜನ ಬಾಟಲಿಯ ಕಡೆಗೇ ಇದ್ದಾರೆ, ಏಕೆಂದರೆ ಮೊದಲೇ ಕಂಪೈಲ್ ಆದ ಸರಕಿಗೇ ಅಲ್ಲಿ ಬಾಟಲಿ ಎಂದು ಹೆಸರು. ಮಡಿ, ಮದ್ಯ ಎರಡನ್ನೂ ಒಂದೇ ಯಂತ್ರದಲ್ಲಿ ಇಡುವುದು ನಿಷಿದ್ಧವಲ್ಲ, ಆದರೆ ಯಾರ ಪೈಥಾನ್ ಓಡುತ್ತಿದೆ ಎಂಬ ಪ್ರಶ್ನೆಗೆ ಆಮೇಲೆ ಪಂಚಾಂಗ ನೋಡಬೇಕಾಗುತ್ತದೆ.

ವಿಂಡೋಸ್ ಜನರ ಸನಾತನ ವಿಧಿ, ನೆಕ್ಸ್ಟ್ ನೆಕ್ಸ್ಟ್ ಎಂದು ಜಪಿಸಿ ಫಿನಿಶ್ ಒತ್ತುವುದು. 2011ರಲ್ಲಿ ಚಾಕೊಲೇಟಿ ಬಂತು. ಮೈಕ್ರೋಸಾಫ್ಟ್‌ನದೇ ಆದ ವಿಂಗೆಟ್ 2020ರಲ್ಲಿ. ಅಡ್ಮಿನ್ ಪಾಸ್‌ವರ್ಡ್ ಕೊಡದ ಆಫೀಸಿನ ಲ್ಯಾಪ್‌ಟಾಪ್‌ಗೆ ಸ್ಕೂಪ್ ಪ್ರಶಸ್ತ. ಅದು ಬಳಕೆದಾರನ ಫೋಲ್ಡರಿನಲ್ಲೇ ಸಂಸಾರ ಹೂಡುತ್ತದೆ.

ಕುಲಗೋತ್ರ ಕೇಳದ ನಿಕ್ಸ್ ಲಿನಕ್ಸ್‌ಗೂ ಸೈ, ಮ್ಯಾಕ್‌ಗೂ ಸೈ. ಒಂದೇ ಲೈಬ್ರರಿಯ ಹತ್ತು ಆವೃತ್ತಿಗಳಿದ್ದರೆ ಹತ್ತಕ್ಕೂ ಬೇರೆ ಬೇರೆ ಕೋಣೆ, ಬಾಗಿಲ ಮೇಲೆ ಉದ್ದನೆಯ ಹ್ಯಾಶ್. ಒಲೆ ಬೇರೆಯಾದ ಅಣ್ಣತಮ್ಮಂದಿರಂತೆ ಜಗಳವಿಲ್ಲ; ಡಿಸ್ಕ್ ತುಂಬಿದಾಗ 'ನಿಕ್ಸ್-ಕಲೆಕ್ಟ್-ಗಾರ್ಬೇಜ್' ಎಂದು ಕಸ ಗುಡಿಸಿದರಾಯಿತು.