ದೂರದ ತುತ್ತು ನುಣ್ಣಗೆ

ವಿಶಾಖಪಟ್ಟಣದಿಂದ ಅನಕಾಪಲ್ಲಿ ಕಡೆಗೆ ಹೊರಟು ಲಂಕೆಲಪಾಲೆಂನಲ್ಲಿ ಹೆದ್ದಾರಿ ಬಿಟ್ಟರೆ ಪರವಾಡ. ಒಂದು ಕಡೆ ಎನ್‌ಟಿಪಿಸಿಯ ಸಿಂಹಾದ್ರಿ ವಿದ್ಯುತ್ ಸ್ಥಾವರದ ಚಿಮಣಿಗಳು, ಇನ್ನೊಂದು ಕಡೆ ಫಾರ್ಮಾ ಸಿಟಿ. ಅಲ್ಲಿನ ಒಂದು ಔಷಧ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಮ್ಮ ರಾಮನಗರದ ಕಡೆಯ ಸಾಹೇಬರೊಬ್ಬರಿದ್ದಾರೆ. ಹೆಸರು ಬೇಡ. ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರು ಇರುವುದರಿಂದ ನಿಮಗೆ ಗೊತ್ತಿರುವ ಹೆಸರನ್ನೇ ಇಟ್ಟುಕೊಂಡು ಓದಿ.

ಪರಿಚಯವಾದ ಕೂಡಲೇ ಎಲ್ಲರೂ ‘ಊಟ ಆಯ್ತಾ?’ ಎಂದು ಕೇಳಿದರೆ, ಇವರು ಕೇಳುವುದು ‘ಮೊಸಳೆ ತಿಂದಿದೀರಾ?’ ಇಲ್ಲವೆಂದರೆ ಅವರ ಮುಖ ಅರಳುತ್ತದೆ, ಅರ್ಧ ಗಂಟೆ ನಿಮ್ಮದಲ್ಲ. ಹೌದೆಂದರೆ ಇನ್ನೂ ಕಷ್ಟ. ‘ಯಾವ ದೇಶದ್ದು? ಯಾವ ಭಾಗ?’ ಎಂಬ ವಿಚಾರಣೆ ಶುರು. ಬಾಲ ಅಂದಿರೋ, ‘ಓ, ಬಾಲಾನ ಎಲ್ರೂ ತಿಂತಾರೆ ಬಿಡಿ’ ಎಂದು ನಿಮ್ಮ ಮೊಸಳೆಯನ್ನು ಹಲ್ಲಿ ಮಾಡಿಬಿಡುತ್ತಾರೆ.

ಹಾಗೆಂದು ಅವರು ಹೊಟ್ಟೆಬಾಕರಲ್ಲ. ಯಾವುದಾದರೂ ಸರಿ, ಒಂದೇ ತುತ್ತು. ತುತ್ತಿಗೆ ಮೊದಲು ಫೋಟೊ, ಆಮೇಲೆ ಡೈರಿ. ಕಾರ್ಖಾನೆಯಲ್ಲಿ ಬ್ಯಾಚ್ ರೆಕಾರ್ಡ್ ಬರೆದು ಪಳಗಿದ ಕೈ, ಇಲ್ಲೂ ಅದೇ ಧಾಟಿ: ‘ಆಸ್ಟ್ರಿಚ್. ಕಡುಗೆಂಪು, ನಾರಿನಂಶವುಳ್ಳ ವಸ್ತು. ವಾಸನೆ: ಅದರದೇ ಆದದ್ದು. ಫಲಿತಾಂಶ: ಪಾಸ್.’ ತಟ್ಟೆಯಲ್ಲಿ ಉಳಿದದ್ದನ್ನು ಮುಗಿಸುವುದು ಜೊತೆಗೆ ಹೋದವರ ಪಾಡು. ಸಾಹೇಬರು ಮನೆಗೆ ಬಂದು ಮೊಸರನ್ನ ಉಂಡು, ಒಂದು ಲೋಟ ಈನೊ ಕುಡಿದು ಮಲಗುತ್ತಾರೆ. ಈನೊ ವಿಚಾರ ಡೈರಿಯಲ್ಲಿಲ್ಲ.

ಅವರ ಸಾಹಸಗಳ ಕಿರೀಟ ಕೊರಿಯಾದ್ದು. ಕಂಪನಿ ಕೆಲಸಕ್ಕೆ ಸೋಲ್‌ಗೆ ಹೋದಾಗ ಬೀದಿಯಲ್ಲಿ ಬೊಂಡೆಗಿ ತಿಂದರಂತೆ. ಬೊಂಡೆಗಿ ಎಂದರೆ ಬೇಯಿಸಿದ ರೇಷ್ಮೆಹುಳದ ಕೋಶ. ಅಲ್ಲಿ ಅದನ್ನು ಕಾಗದದ ಲೋಟದಲ್ಲಿ ಹಾಕಿ ಕೊಡುತ್ತಾರೆ, ಡಬ್ಬಿಯಲ್ಲೂ ಸಿಗುತ್ತದೆ. ಕೊರಿಯಾದವರು ಚಿಕ್ಕಂದಿನಿಂದ ಮೆಚ್ಚಿ ತಿನ್ನುವ ತಿಂಡಿ, ಅದರಲ್ಲಿ ನಗುವಂಥದ್ದೇನಿಲ್ಲ. ನಗು ಬರುವುದು ನಮ್ಮವರ ವರ್ಣನೆಗೆ. ‘ಗೋಡಂಬಿಯ ಒಡಲು, ಮಳೆಗಾಲದ ಮಣ್ಣಿನ ಉಸಿರು’ ಎನ್ನುತ್ತಾರೆ. ಇವರು ಹುಟ್ಟಿ ಬೆಳೆದದ್ದು ರಾಮನಗರದಲ್ಲಿ, ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಎಂದು ಹೆಸರಾದ ಊರಲ್ಲಿ. ನೂಲು ಬಿಚ್ಚಾಣಿಕೆ ಮಾಡುವ ಬೀದಿಗಳಲ್ಲಿ ಅದೇ ಕೋಶ ಬೆಂದು ರಾಶಿ ಬಿದ್ದಿರುತ್ತದೆ, ಕೋಳಿ ಮೀನುಗಳ ಮೇವಿಗೆ ಹೋಗುತ್ತದೆ. ಆ ಬೀದಿಯಲ್ಲಿ ಸಾಹೇಬರು ಇಂದಿಗೂ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ನಡೆಯುವುದು. ಅವರ ನಾಲಿಗೆಗೆ ಉಪ್ಪು ಹುಳಿ ಖಾರಕ್ಕಿಂತ ಮೊದಲು ಕಿಲೋಮೀಟರ್ ತಿಳಿಯುತ್ತದೆಂದು ನನಗೆ ಅನುಮಾನ ಬಂದದ್ದು ಆಗಲೇ.

ವಿಜಯವಾಡದಲ್ಲಿ ಅನುಮಾನ ಗಟ್ಟಿಯಾಯಿತು. ನಾಲ್ಕು ಜನರನ್ನು ಸೇರಿಸಿ ಉಲವಚಾರು ಬಿರಿಯಾನಿ ತಿನ್ನಿಸಿ, ಭಾಷಣ ಮಾಡಿದರು. ಕೃಷ್ಣಾ ತೀರದ ಪುರಾತನ ರಹಸ್ಯ, ಗಂಟೆಗಟ್ಟಲೆ ಕಾಯಿಸಿ ಇಳಿಸುವ ಕಪ್ಪು ರಸ, ಮೇಲೊಂದು ಚಮಚ ಕೆನೆ. ಎಲ್ಲ ನಿಜ. ಆದರೆ ಉಲವಲು ಎಂದರೆ ಹುರುಳಿ. ಹುರುಳಿ ಬೇಯಿಸಿ ಬಸಿದ ಕಟ್ಟನ್ನು ಬತ್ತಿಸಿದರೆ ಉಲವಚಾರು. ಊರಿನಲ್ಲಿ ಅವರಮ್ಮ ಹುರುಳಿಕಟ್ಟಿನ ಸಾರು ಮಾಡಿ ಮುದ್ದೆ ಇಟ್ಟರೆ, ‘ದನಕ್ಕೆ ಹಾಕೋದನ್ನ ನಂಗ್ಯಾಕವ್ವಾ’ ಎಂದು ತಟ್ಟೆ ತಳ್ಳುತ್ತಿದ್ದ ಮಗ ಇವರೇ. ಇಲ್ಲಿ ಬಿಲ್ ಕೊಟ್ಟು, ಮಾಣಿಗೆ ಟಿಪ್ಸೂ ಕೊಟ್ಟರು.

ಮೈಸೂರು ಪ್ರಾಂತ್ಯದ ಬೋಟಿಗೊಜ್ಜು ಅವರಿಗೆ ‘ಅಯ್ಯೋ, ಕರುಳು!’ ಸ್ಕಾಟ್ಲೆಂಡಿನ ಹ್ಯಾಗಿಸ್ ಮಾತ್ರ ‘ಸಂಸ್ಕೃತಿ’. ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸ್ ಜೊತೆ ಕೊಚ್ಚಿ ಜಠರದ ಚೀಲಕ್ಕೆ ತುಂಬುವ ಸಂಸ್ಕೃತಿ. ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದೇ ತಡ, ಒಡಿಶಾಗೆ ಹೊರಡಲು ರಜೆ ಅರ್ಜಿ ಬರೆದರು. ನಮ್ಮ ಮಲೆನಾಡಿನ ಚಗಳಿ ಚಟ್ನಿಯೂ ಇರುವೆಯದೇ ಎಂದೆ. ‘ಅದೆಲ್ಲ ಲೋಕಲ್ ಬಿಡಿ’ ಎಂದರು.

ಇನ್ನು ಪುಲಸ. ಬಂಗಾಳಿಗಳ ಇಲಿಶ್ ಮೀನೇ ಇದು. ಮಳೆಗಾಲದಲ್ಲಿ ಗೋದಾವರಿಗೆ ಕೆಂಪು ನೀರು ಬಂದಾಗ ಸಮುದ್ರ ಬಿಟ್ಟು ಪ್ರವಾಹಕ್ಕೆ ಎದುರಾಗಿ ಈಜಿ ಬರುತ್ತದೆ. ಕಡಲಲ್ಲಿರುವಾಗ ಅದು ಬರೀ ಇಲಸ, ಹೊಳೆಯ ನೀರು ಕುಡಿದ ಮೇಲೆ ಪುಲಸ. ಬೆಲೆ ಸಾವಿರಗಳಲ್ಲಿ. ಮಣ್ಣಿನ ಮಡಕೆಯಲ್ಲಿ ಹುಳಿ ಮಾಡಿ, ಬೆಂಡೆಕಾಯಿ ಹಾಕಿ, ಮಾರನೆಯ ದಿನ ತಿನ್ನಬೇಕು. ತಾಳಿ ಮಾರಿಯಾದರೂ ಪುಲಸ ತಿನ್ನಬೇಕೆಂದು ಗೋದಾವರಿ ಸೀಮೆಯಲ್ಲಿ ಗಾದೆಯೇ ಇದೆ. ಸಾಹೇಬರು ಗಾದೆಯನ್ನು ಹೆಂಡತಿಯ ಎದುರಿಗೇ ಹೇಳಿದರು. ಆಕೆ ಸೆರಗು ಎಳೆದು ಕುತ್ತಿಗೆ ಮುಚ್ಚಿಕೊಂಡರು.

ಕೊನೆಗೂ ಪುಲಸ ತಂದದ್ದು ಸಂಕ್ರಾಂತಿಗೆ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಪರಿಚಯದವರ ಪರಿಚಯದವರ ಮೂಲಕ. ಮುತ್ಯಾಲಮ್ಮಪಾಲೆಂ ಕಡೆಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ‘ಈ ನೆಲಲೋ ಪುಲಸ ಎಕ್ಕಡಿದಿ ಬಾಬೂ?’ ಎಂದಳು. ಈ ತಿಂಗಳಲ್ಲಿ ಪುಲಸ ಎಲ್ಲಿಂದ ಬರಬೇಕು! ಸಾಹೇಬರು ಆಕೆಯ ಅಜ್ಞಾನಕ್ಕೆ ಮರುಗಿದರು. ಒಂದು ತುತ್ತು ತಿಂದರು, ಮುಳ್ಳು ಸಿಕ್ಕಿತು, ಬರೀ ಅನ್ನ ನುಂಗಿದರು. ಡೈರಿಯಲ್ಲಿ: ‘ಪಾಸ್’.

ಜೂನ್‌ನಲ್ಲಿ ಅವರಮ್ಮ ಬಂದಿದ್ದರು. ಆವತ್ತು ಸಂಜೆ ಮೊದಲ ಮಳೆ ಬಿದ್ದು, ಕ್ವಾರ್ಟರ್ಸಿನ ದೀಪದ ಕಂಬಕ್ಕೆ ಗೆದ್ದಲಿನ ರೆಕ್ಕೆಹುಳ ಮುತ್ತಿದವು. ನಮ್ಮ ಕಡೆ ಈಸಲು ಹುಳ ಅನ್ನುತ್ತೇವಲ್ಲ, ಅದೇ. ಅಮ್ಮ ಒಂದು ಬೋಗುಣಿಯಲ್ಲಿ ನೀರು ತಂದಿಟ್ಟರು. ಪಕ್ಕದ ಮನೆಯ ತೆಲುಗು ಅಜ್ಜಿ ಕೇಳದೆಯೇ ಮೊರ ತಂದಳು. ಒಬ್ಬರ ಮಾತು ಒಬ್ಬರಿಗೆ ಬಾರದು, ಕೆಲಸ ಮಾತ್ರ ಒಂದೂ ತಪ್ಪಲಿಲ್ಲ. ರೆಕ್ಕೆ ಕೇರಿ, ಬಾಣಲೆಯಲ್ಲಿ ಹುರಿದು, ಉಪ್ಪು ಖಾರ ಹಾಕಿ, ಪುರಿ ಬೆರೆಸಿ ತಟ್ಟೆಗೆ ಸುರಿದರು. ನಾವೆಲ್ಲ ಕೈ ಹಾಕಿದೆವು. ಸಾಹೇಬರು ಬಾಗಿಲಿಗೆ ಅಂಟಿಕೊಂಡು ನಿಂತಿದ್ದರು.

‘ಬಾ ಮಗಾ, ತಿನ್ನು.’

‘ಹುಳಾ ಕಣವ್ವಾ ಅದು!’

‘ಹುಳಾ ಅಂತೆ! ಚಡ್ಡಿ ಇಲ್ದೆ ಒಲೆ ಮುಂದೆ ಕುಂತ್ಕಂಡು ಒಂದು ಸೇರು ಮುಕ್ತಿದ್ದಲ್ಲೋ, ಆಗ ಏನಾಗಿತ್ತು ಅದು?’

ಸಾಹೇಬರಿಗೆ ಕಾರ್ಖಾನೆಯಿಂದ ತುರ್ತು ಫೋನ್ ಬಂತು. ಫೋನ್ ರಿಂಗಾದದ್ದು ನಮಗ್ಯಾರಿಗೂ ಕೇಳಿಸಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಅವರು ಹೊಸ ಹುಡುಗನಿಗೆ ಥಾಯ್ಲೆಂಡಿನ ಹುರಿದ ಮಿಡತೆಯ ಬಗ್ಗೆ ಹೇಳುತ್ತಿದ್ದರು. ಮುಂದಿನ ಪಟ್ಟಿಯಲ್ಲಿ ಕತ್ತೆ ಮಾಂಸವಿದೆಯಂತೆ. ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಅದು ಕದ್ದುಮುಚ್ಚಿ ಮಾರಾಟವಾಗುತ್ತದೆಂದು 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಆಹಾರ ಸುರಕ್ಷತಾ ನಿಯಮಗಳಲ್ಲಿ ಕತ್ತೆ ತಿನ್ನುವ ಪ್ರಾಣಿಗಳ ಸಾಲಿನಲ್ಲಿಲ್ಲ ಎಂದು ಕ್ವಾಲಿಟಿ ಸಾಹೇಬರಿಗೆ ನಾವು ಹೇಳಬೇಕಾಗಿ ಬಂತು.

ನೀವು ಪರವಾಡಕ್ಕೆ ಬಂದರೆ ಅವರು ಖಂಡಿತ ಊಟಕ್ಕೆ ಕರೆಯುತ್ತಾರೆ, ಉದಾರಿ ಮನುಷ್ಯ. ಹೋಗಿ. ಪುಲಸ ಎಂದರೆ ಮಾತ್ರ ಒಮ್ಮೆ ಕ್ಯಾಲೆಂಡರ್ ನೋಡಿಕೊಳ್ಳಿ. ಅವರಮ್ಮ ಊರಿಂದ ಬಂದಿದ್ದರೆ ನೇರ ಅಡುಗೆಮನೆಗೇ ಹೋಗಿಬಿಡಿ.