ಹೂವು ನೋಡೋಕೆ ಅಂತಲೇ ಹೋಗಿದ್ವಿ

ಅಕ್ಕಾ, ಆ ಪೊರಕೆ ಒಂದು ಗಳಿಗೆ ಗೋಡೆಗೆ ಒರಗಿಸಿ ಇತ್ತ ಬನ್ನಿ. ಕಾಂಪೌಂಡಿನ ಈ ಮೂಲೇಲಿ ನಿಮ್ಮ ಹೊಂಗೆ ಮರದ ನೆರಳಿದೆ, ನಿಂತು ಮಾತಾಡಬಹುದು. ಎರಡು ದಿನ ನಮ್ಮನೆ ಬೀಗ ನೋಡಿ ಗಾಬರಿಯಾಗಿದ್ರಂತೆ. ಆಸ್ಪತ್ರೆಗೂ ಅಲ್ಲ, ಮದುವೆಗೂ ಅಲ್ಲ. ನಾವಿಬ್ಬರೂ ಬೆಂಗಳೂರಿಗೆ ಹೂವು ನೋಡೋಕೆ ಹೋಗಿದ್ವಿ.

ನಿಜ ಅಕ್ಕ, ಅದಕ್ಕೇ ಅಂತ ಹೋಗಿದ್ದು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಬೆಂಗಳೂರಿಗೆ ಎಷ್ಟು ಸಲ ಹೋಗಿಲ್ಲ? ಮಗಳ ಸೀಟಿನ ಕೌನ್ಸೆಲಿಂಗು, ಅತ್ತೆಯ ಕಣ್ಣಿನ ಆಪರೇಷನ್ನು, ನೆಂಟರ ಗೃಹಪ್ರವೇಶ. ಪ್ರತಿ ಸಲವೂ ಕೈಯಲ್ಲಿ ಒಂದು ಫೈಲು, ಇಲ್ಲಾ ಮುಯ್ಯಿ ಕವರು. ತಲೆ ಎತ್ತಿ ಮರ ನೋಡುವಷ್ಟು ಬಿಡುವು ಇರಲೇ ಇಲ್ಲ. ಈ ಸಲ ನಮ್ಮನೆಯವರೇ ಅಂದ್ರು, 'ಬೆಂಗಳೂರು ಈಗ ಹೂವಾಗಿದೆಯಂತೆ, ಶನಿವಾರ ಹೋಗಿ ಭಾನುವಾರ ಬರೋಣ.' ಬೆಳಗಿನ ಜಾವದ ಜನಶತಾಬ್ದಿ ಹತ್ತಿದ್ವಿ. ನೆಂಟರಿಗೆ ಯಾರಿಗೂ ಹೇಳಲಿಲ್ಲ. ಗಾಂಧಿ ಬಜಾರಿನ ಹತ್ತಿರ ಒಂದು ಲಾಡ್ಜಿನಲ್ಲಿ ರೂಮು ಮಾಡಿ ಬ್ಯಾಗು ಇಟ್ಟು, ಕೈ ಬೀಸಿಕೊಂಡು ಹೊರಟ್ವಿ.

ಜಯನಗರದ ಒಂದು ಅಡ್ಡರಸ್ತೆಗೆ ತಿರುಗಿದ ಕೂಡಲೇ ನಾನು ನಿಂತುಬಿಟ್ಟೆ ಅಕ್ಕ. ಒಂದೆಲೆ ಇಲ್ಲದ ಮರ, ಕೊಂಬೆ ಕೊಂಬೆಗೂ ತಿಳಿಗುಲಾಬಿ ಹೂವು. ಜಾತ್ರೇಲಿ ಮಾರೋ ಬೊಂಬಾಯಿ ಮಿಠಾಯಿನ ಮರಕ್ಕೇ ಸುತ್ತಿಟ್ಟ ಹಾಗೆ. ಟಬೂಬಿಯಾ ಅಂತಾರೆ. ನಡು ಅಮೆರಿಕದ ಕಡೆಯ ಮರವಂತೆ. ನಮ್ಮನೆಯವರು ಬಿದ್ದ ಹೂವೊಂದನ್ನ ಎತ್ತಿ ನನ್ನ ಅಂಗೈಲಿಟ್ರು, ಥೇಟ್ ತುತ್ತೂರಿ. ಎಲೆ ಉದುರಿಸಿಕೊಂಡೇ ಯಾಕೆ ಹೂ ಬಿಡುತ್ತೆ ಅಂದ್ರೆ, ಮಳೆಯಿಲ್ಲದ ಕಾಲದಲ್ಲಿ ಎಲೆ ಇಟ್ಟುಕೊಂಡರೆ ನೀರು ಆವಿಯಾಗಿ ಹೋಗುತ್ತೆ. ಎಲೆ ಮರೆ ಇಲ್ಲದಿದ್ದರೆ ಜೇನುಹುಳಕ್ಕೂ ದೂರದಿಂದಲೇ ಹೂ ಕಾಣುತ್ತೆ. ಮರದ ಲೆಕ್ಕಾಚಾರ ನೋಡಿ!

ಅಲ್ಲಿಂದ ಲಾಲ್‌ಬಾಗು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ. ಆಗಸ್ಟಿನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಲ್ಲಿ ಒಮ್ಮೆ ನೋಡಿದ್ದೆ, ಅಷ್ಟೇ. ಈ ಸಲ ಆ ದೊಡ್ಡ ಬಂಡೆ ಹತ್ತಿ ಕೂತ್ವಿ. ಮುನ್ನೂರು ಕೋಟಿ ವರ್ಷದ ಬಂಡೆಯಂತೆ. ಅದರ ಮೇಲೆ ಕೂತು, ನಾಲ್ಕು ದಿನ ಇದ್ದು ಉದುರೋ ಹೂವು ನೋಡ್ತಿದ್ದೀವಲ್ಲ ಅನ್ನಿಸಿ ನಾನು ಅವರ ಕೈ ಹಿಡಿದೆ.

ಅಲ್ಲೇ ಅವರು ನನಗೆ ಕೃಂಬಿಗಲ್ ವಿಚಾರ ಹೇಳಿದ್ದು. 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮನುಷ್ಯ. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡದ ಮಹಾರಾಜರ ಹತ್ತಿರ ಇದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ್ರಂತೆ. ಒಂದು ಜಾತಿ ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದಲ್ಲಿ ಯಾವ ತಿಂಗಳಲ್ಲೂ ಊರು ಬರಿದಾಗಿ ನಿಲ್ಲಬಾರದು, ಹಾಗೆ ಲೆಕ್ಕ ಹಾಕಿ ಬೀದಿ ಬೀದಿಗೆ ಮರ ಆರಿಸಿದೋರು ಅವರು. ನಾವು ಹಬ್ಬಕ್ಕೆ ಹಬ್ಬ ಪೋಣಿಸಿ ಪಂಚಾಂಗ ಬರೀತೀವಲ್ಲ, ಅವರು ಮರದಲ್ಲೇ ಪಂಚಾಂಗ ಬರೆದ್ರು. ಟಬೂಬಿಯಾ ಉದುರೋ ಹೊತ್ತಿಗೆ ಜಕರಂಡ. ಅದಾದ ಮೇಲೆ ಏಪ್ರಿಲ್, ಮೇಗೆ ಕೆಂಡದಂಥ ಗುಲ್‌ಮೊಹರ್. 1956ರಲ್ಲಿ ತೀರಿಕೊಂಡ್ರು, ಬೆಂಗಳೂರಲ್ಲೇ ಮಣ್ಣಾದ್ರು.

ಆಮೇಲೆ ನಮ್ಮ ನಾಡಿನವರೇ ಎಸ್.ಜಿ. ನೇಗಿನಹಾಳ ಅಂತ ಒಬ್ಬ ಅರಣ್ಯಾಧಿಕಾರಿ. 1980ರ ದಶಕದಲ್ಲಿ ಐದು ವರ್ಷದಲ್ಲಿ 15 ಲಕ್ಷ ಸಸಿ ನೆಡಿಸಿದ್ರಂತೆ ಅಕ್ಕ. ನೆಟ್ಟು ಹೋದರೆ ದನ ಮೇಯುತ್ತೆ, ನೀರಿಲ್ಲದೆ ಒಣಗುತ್ತೆ. ಪ್ರತಿ ಸಸಿಯನ್ನೂ ಕಾಯಬೇಕು. ಬೆಂಗಳೂರಿನ ಎಷ್ಟೋ ಬೀದಿಗಳ ನೆರಳು ಅವರದ್ದೇ. 2021ರಲ್ಲಿ, ಕೊರೊನಾ ಕಾಲದಲ್ಲಿ ಹೋಗಿಬಿಟ್ರು. ಇಷ್ಟು ವರ್ಷ ಅವರ ನೆರಳಲ್ಲಿ ಆಟೊಗೆ ಕಾಯ್ತಾ ನಿಂತಿದ್ದೀನಿ, ಹೆಸರೂ ಗೊತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ವಿದ್ಯಾರ್ಥಿ ಭವನದಲ್ಲಿ ಕಾದು ಕೂತು ದೋಸೆ ತಿಂದು, ಮೆಟ್ರೊದಲ್ಲಿ ಕಬ್ಬನ್ ಪಾರ್ಕಿಗೆ ಹೋದ್ವಿ. ಭಾನುವಾರ ಒಳಗೆ ವಾಹನ ಬಿಡೋದಿಲ್ಲ, ರಸ್ತೆಯೆಲ್ಲ ನಡೆಯೋರದ್ದೇ. ಅಠಾರಾ ಕಚೇರಿಯ ಕೆಂಪು ಗೋಡೆ, ಅದರ ಈಚೆ ಜಕರಂಡ. ನೀಲಿಯೂ ಅಲ್ಲ, ನೇರಳೆಯೂ ಅಲ್ಲ. ನಮ್ಮ ಹಿತ್ತಲ ಬದನೆಗಿಡದ ಹೂವಿನ ಬಣ್ಣ. ಒಂದು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತ್ವಿ. ಕೆಳಗೆಲ್ಲ ಹೂವು, ಕಾಲಿಡೋಕೇ ಮನಸ್ಸು ಬರಲಿಲ್ಲ.

ಕಸ ಗುಡಿಸ್ತಾ ಒಬ್ಬ ಹೆಂಗಸು ಅಲ್ಲಿವರೆಗೂ ಬಂದ್ರು. ನಾನು ಎದ್ದು ಜಾಗ ಬಿಡೋಕೆ ಹೋದೆ. 'ಕೂತ್ಕಳಮ್ಮ, ಇದೊಂದು ಮರದ್ದು ಕೊನೇಗೆ ಗುಡಿಸ್ತೀನಿ. ನೋಡೋಕೆ ಬರೋರು ನೋಡ್ಕೊಂಡು ಹೋಗ್ಲಿ' ಅಂದು, ಆ ಮರದ ಸುತ್ತ ಬಿಟ್ಟು ಮುಂದಕ್ಕೆ ಹೋದ್ರು. ದಿನಾ ಆ ಹೂವನ್ನ ಗುಡಿಸಿ ಗುಡಿಸಿ ಅವರ ಸೊಂಟ ಎಷ್ಟು ನೋಯುತ್ತೋ. ಆದರೂ ಅದನ್ನ ಕಸ ಅನ್ನಲಿಲ್ಲ ಅಕ್ಕ.

ರೈಲಲ್ಲಿ ವಾಪಸ್ ಬರುವಾಗ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ತೋಟಗಳ ಬದುವಿನಲ್ಲಿ ಹೊಂಗೆ ಚಿಗುರಿತ್ತು. ಎರಡು ದಿನ ತಲೆ ಎತ್ತಿ ನಡೆದ ಅಭ್ಯಾಸಕ್ಕೆ ಪ್ರತಿ ಮರವೂ ಕಣ್ಣಿಗೆ ಬೀಳ್ತಿತ್ತು. ನಮ್ಮ ಬೀದಿಗೆ ತಿರುಗಿದಾಗ ಮೊದಲು ಕಂಡಿದ್ದು ಏನು ಹೇಳಿ? ನಿಮ್ಮ ಈ ಮರ. ನಾವು ಹೋಗುವಾಗ ಮೊಗ್ಗಿತ್ತು, ಬರುವಷ್ಟರಲ್ಲಿ ಅರಳಿಬಿಟ್ಟಿದೆ. ಕೇಳಿ, ಎಷ್ಟು ಜೇನುಹುಳ! ಜಕರಂಡ, ಟಬೂಬಿಯಾ ಸಮುದ್ರ ದಾಟಿ ಬಂದವು. ಇದು ನಮ್ಮ ಮಣ್ಣಿನದ್ದೇ. ಅರಳಿನಂತೆ ಉದುರೋ ಈ ಹೂವಿನ ಹೊರತು ಯುಗಾದಿ ಬಂತು ಅಂತ ನಮಗೆ ಯಾರು ಹೇಳ್ತಾರೆ?

ಅದಕ್ಕೇ ಅಕ್ಕ, ಅಂಗಳ ಗುಡಿಸಿ ಸಾಕಾಗಿದೆ, ಮರ ಕಡಿಸ್ತೀನಿ ಅಂತ ಆಳಿಗೆ ಹೇಳಿದ್ದೀರಂತಲ್ಲ, ಬೇಡ ಅನ್ನಿ. ಇದನ್ನ ನೆಟ್ಟಿದ್ದು ನಿಮ್ಮ ಮಾವನೋರು ಅಂತ ನೀವೇ ಹೇಳಿದ್ರಿ. ಅವರೂ ತಮಗೆ ಅಂತ ನೆಟ್ಟಿರಲಿಕ್ಕಿಲ್ಲ. ಈ ಹೂವು ಒಳ್ಳೆ ಗೊಬ್ಬರ; ನಿಮ್ಮ ಗುಲಾಬಿ ಗಿಡದ ಬುಡಕ್ಕೆ ಅರ್ಧ, ನಮ್ಮ ಮಲ್ಲಿಗೆಗೆ ಅರ್ಧ. ಹದಿನೈದು ದಿನ ಬೀಳುತ್ತೆ, ಅಷ್ಟು ದಿನ ನಾನೇ ಬರ್ತೀನಿ.

ಕೊಡಿ ಇತ್ತ ಪೊರಕೆ. ಬುಡದ ಸುತ್ತ ಒಂದಿಷ್ಟು ಹಾಗೇ ಇರಲಿ, ಸಂಜೆ ಇಬ್ಬರೂ ಕುರ್ಚಿ ಹಾಕ್ಕೊಂಡು ಕೂರೋಣ.